ಒಂದರ ಮೇಲೊಂದು ಎರಡು ಬೆಳಕು

ಬೂದು ಬಣ್ಣದ ರಬ್ಬರ್ ಪಟ್ಟಿ ಬೇರೆಯವರ ಮನೆಯ ಕಿಟಕಿಗೂ ಇರಬಾರದೇಕೆ? ಇರಬಹುದು. ಮೂರು ಕಡೆ ಕಪ್ಪು, ಒಂದು ಕಡೆ ಮಾತ್ರ ಬೂದು? ಅದೂ ಇರಬಹುದು. ಕಪ್ಪು ಪಟ್ಟಿ ಮುಗಿದುಹೋದಾಗ ಕೈಗೆ ಸಿಕ್ಕಿದ್ದನ್ನು ಒತ್ತಿ ಬರುವ ಗಾಜಿನ ಕೆಲಸಗಾರ ಲೋಕದಲ್ಲಿ ತಾನೊಬ್ಬನೇ ಏನಲ್ಲ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡು ಅವನು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದ. ಮುಸ್ಸಂಜೆಯ ಆಕಾಶ. ಎದುರು ಕಟ್ಟಡದ ನೆತ್ತಿಯಲ್ಲಿ ಎರಡು ಉದ್ದನೆಯ ಬೆಳಕು, ಒಂದರ ಮೇಲೊಂದು, ಅಲುಗಾಡದೆ ನಿಂತಿವೆ. ಚೌಕಟ್ಟಿನ ಅಂಚಿನಲ್ಲಿ ಬೂದು ಪಟ್ಟಿ.

ಕಾರ್ಖಾನೆಯಲ್ಲಿ ಊಟದ ಬಿಡುವು. ಗಾಜು ಕತ್ತರಿಸುವ ಮೇಜಿನ ಪಕ್ಕ ಡಬ್ಬಿ ಬಿಚ್ಚಿಟ್ಟುಕೊಂಡು, ತುತ್ತು ಎತ್ತುವುದನ್ನೂ ಮರೆತು ಅವನು ಫೋನು ನೋಡುತ್ತಿದ್ದ.

'ಮೇಲಿಂದ ಬಂದವರು' ಎಂಬ ಆ ಆನ್‌ಲೈನ್ ಗುಂಪಿನಲ್ಲಿ ಎರಡು ಪಕ್ಷ. ಅನ್ಯಗ್ರಹದವರು ಭೂಮಿಗೆ ಬಂದು ಹೋಗುತ್ತಿದ್ದಾರೆ ಎಂದು ನಂಬಿದವರು ಒಂದು ಕಡೆ. ಅವರನ್ನು ಗೋಳು ಹೊಯ್ದುಕೊಳ್ಳಲೆಂದೇ ಸೇರಿದವರು ಇನ್ನೊಂದು ಕಡೆ. ನಂಬಿದವರ ಯಜಮಾನ 'ಬಾನಾಡಿ'. ನಂಬದವರಲ್ಲಿ 'ಮೇಷ್ಟ್ರು' ಮಾತಿನ ಮಲ್ಲ. ಆದರೆ ಎರಡೂ ಕಡೆಯವರು ಕೊನೆಯ ಮಾತಿಗೆ ಕಾಯುತ್ತಿದ್ದುದು ಇವನಿಗಾಗಿ. ಇಲ್ಲಿ ಇವನ ಹೆಸರು 'ಸೂಜಿ'. ಯಾರ ಬಲೂನಾದರೇನು, ಇವನು ಮುಟ್ಟಿದರೆ ಠುಸ್ಸೆನ್ನಬೇಕು. ಗಾಜು, ಬಿಂಬ, ಬೆಳಕು ಇವನ ದಿನನಿತ್ಯದ ಒಡನಾಡಿಗಳು. ಅರ್ಧಕ್ಕರ್ಧ ಹಾರುವ ತಟ್ಟೆಗಳನ್ನು ಇವನು ಕಿಟಕಿಗಾಜಿನ ಬಿಂಬವೆಂದು ತೋರಿಸಿಯೇ ಕೆಳಗಿಳಿಸಿದ್ದ.

ಈ ವಿಡಿಯೋ ಹಾಕಿದವಳು 'ಪಕ್ಕದ್ಮನೆ' ಎಂಬ ಹೊಸಬಳು. ಗುಂಪಿನಲ್ಲಿ ಆಗಲೇ ಗದ್ದಲ ಎದ್ದಿತ್ತು.

"ನೋಡ್ರಪ್ಪಾ ನೋಡಿ, ಈಗೇನಂತೀರಿ?" ಬಾನಾಡಿ ಬರೆದಿದ್ದ.

"ಪಾರ್ಕಿಂಗ್ ಸಿಕ್ಕಿಲ್ಲ ಅನ್ಸುತ್ತೆ. ಪಾಪ, ಅಲ್ಲೇ ನಿಂತಿದ್ದಾರೆ," ಮೇಷ್ಟ್ರು.

"ನಿಮ್ಮ ತಲೆಯೊಳಗೆ ಬೇಕಾದಷ್ಟು ಜಾಗ ಖಾಲಿ ಇದೆಯಲ್ಲ ಮೇಷ್ಟ್ರೇ, ಅಲ್ಲೇ ಇಳಿಸ್ಕೊಳ್ಳಿ."

"ಜಗಳ ಆಡ್ಬೇಡ್ರೋ," ಎಂದಿದ್ದಳು ಪಕ್ಕದ್ಮನೆ. "ಅಷ್ಟು ದೂರದಿಂದ ಬಂದಿದ್ದಾರೆ. ಬನ್ನಿ, ಕೂತ್ಕೊಳ್ಳಿ ಅನ್ನೋದು ಬಿಟ್ಟು ಹೀಗಾ ಕಿತ್ತಾಡೋದು? ಬೇಜಾರಾಗಿ ವಾಪಸ್ ಹೋದಾರು."

ಅವಳ ಮಾತುಗಳಿಗೆ ಇವನೂ ಕೆಲವು ದಿನಗಳಿಂದ ಒಬ್ಬನೇ ನಗುತ್ತಿದ್ದ. ಎಂಥ ವಾಚಾಳಿ!

ಕದ್ದ ವಿಡಿಯೋ ಯಾರೂ ಹಾಕಬಾರದೆಂದು ಸೂಜಿಯೇ ಹಿಂದೆ ಒಂದು ಕಟ್ಟಳೆ ಮಾಡಿದ್ದ. ಹಾಕಿದವರು ಅದೇ ಜಾಗದಲ್ಲಿ ತಮ್ಮ ಕೈ ಅಡ್ಡವಿಟ್ಟು ಇನ್ನೊಮ್ಮೆ ತೆಗೆದು ತೋರಿಸಬೇಕು. ಮೇಷ್ಟ್ರು ಅದನ್ನು ನೆನಪಿಸಿದರು. ಮರುದಿನ ಸಂಜೆ ಪಕ್ಕದ್ಮನೆ ಚಾಚೂ ತಪ್ಪದೆ ಪಾಲಿಸಿದಳು. ಗಾಜಿನ ಮುಂದೆ ಒಂದು ಕೈ ಬಂದು ನಿಂತಿತು. ಕಿರುಬೆರಳು ಹೊರಕ್ಕೆ ಸೊಟ್ಟಗಾಗಿತ್ತು. ಚಿಕ್ಕವಳಿದ್ದಾಗ ಉಯ್ಯಾಲೆಯಿಂದ ಬಿದ್ದು ಮುರಿದುಕೊಂಡ ಬೆರಳು.

ಅವನ ಅಕ್ಕ.

ಅಕ್ಕ ದೊಡ್ಡ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು. ಮದುವೆಯ ಗೋಜಿಗೆ ಹೋದವಳಲ್ಲ. ಇಡೀ ದಿನ ಊರವರ ಜೊತೆಯೆಲ್ಲ ಮಾತಾಡಿ, ಮನೆಗೆ ಬಂದು ತಮ್ಮನ ಜೊತೆ ಇನ್ನಷ್ಟು ಮಾತಾಡುತ್ತಿದ್ದಳು. ಕರೆಗಳನ್ನು ಯಂತ್ರವೇ ಎತ್ತತೊಡಗಿದ ಮೇಲೆ ಅವಳ ಕೆಲಸ ಹೋಯಿತು. ಅದರ ಹಿಂದೆಯೇ ಮಾತೂ ಹೋಯಿತು. ರಸ್ತೆಯ ಸದ್ದು ತಲೆ ತಿನ್ನುತ್ತದೆ ಎಂದಳೆಂದು ಇವನೇ ಹೋಗಿ ಅಡುಗೆಮನೆಗೆ ಎರಡು ಪದರ ಗಾಜಿನ ಕಿಟಕಿ ಕೂರಿಸಿ, ಒಂದು ಕಡೆಗೆ ಆ ಬೂದು ಪಟ್ಟಿ ಒತ್ತಿ ಬಂದಿದ್ದ. ಸದ್ದೂ ನಿಂತಿತು. ಆಮೇಲೆ ಫೋನು ಮಾಡಿದರೆ ಇಷ್ಟೇ.

"ಊಟ ಆಯ್ತಾ?"

"ಆಯ್ತು."

"ಮತ್ತೆ?"

"ಮತ್ತೇನಿಲ್ಲ."

ಆ ಅಕ್ಕ ಇಲ್ಲಿ ಕಂಡ ಕಂಡವರ ಜೊತೆ ಹರಟುತ್ತಿದ್ದಾಳೆ. ಅವಳು ತೋರಿಸಿದ ಬೆಳಕು ಅಡುಗೆಮನೆಯ ಟ್ಯೂಬ್‌ಲೈಟ್. ಗಾಜು ಎರಡಿದ್ದರೆ ಬಿಂಬವೂ ಎರಡು. ಅದನ್ನು ಹೇಳಲು ಸೂಜಿಗೆ ಒಂದು ಸಾಲು ಸಾಕು. ಹೇಳಿದ ಮೇಲೆ ಎಲ್ಲರೂ ನಗುತ್ತಾರೆ. ನಗೆಗೀಡಾದ ಮೇಲೆ ಮತ್ತೆಂದೂ ಗುಂಪಿನ ಕಡೆ ತಲೆ ಹಾಕದವರನ್ನು ಅವನು ಬೇಕಾದಷ್ಟು ನೋಡಿದ್ದ.

"ಸೂಜಿ ಎಲ್ಲಿ? ಚುಚ್ಚಪ್ಪಾ ಬೇಗ!" ಮೇಷ್ಟ್ರು ಕೂಗುತ್ತಿದ್ದರು.

ಅವನು ಬರೆದ: "ಗೊತ್ತಾಗ್ತಿಲ್ಲ."

ಬಾನಾಡಿಯ ಕಡೆಯವರು ಕುಣಿದಾಡಿದರು. "ಸೂಜಿಗೇ ತುಕ್ಕು ಹಿಡೀತಲ್ಲೋ! ಎಷ್ಟಕ್ಕೆ ಕೊಂಡ್ಕೊಂಡ್ರು ನಿನ್ನ?" ಎಂದರು ಮೇಷ್ಟ್ರು. 

ಭಾನುವಾರ, ಕಿಟಕಿಯ ಪಟ್ಟಿ ಸಡಿಲವಾಗಿದೆಯೇನೋ ನೋಡುತ್ತೇನೆಂದು ನೆಪ ಹೇಳಿಕೊಂಡು ಅಕ್ಕನ ಮನೆಗೆ ಹೋದ. ಕತ್ತಲಾಗುತ್ತ ಬಂದಿತ್ತು. ಅವಳು ಅಡುಗೆಮನೆಯ ದೀಪ ಹಾಕಿದಳು. ಎದುರು ಕಟ್ಟಡದ ನೆತ್ತಿಯಲ್ಲಿ ಎರಡು ಬೆಳಕು ಮೂಡಿದವು. ಅವನು ಸ್ಕ್ರೂಡ್ರೈವರ್ ಹಿಡಿದು ಅತ್ತ ನೋಡದವನಂತೆ ನಿಂತ.

"ಒಂದು ಗುಂಪಿಗೆ ಸೇರ್ಕೊಂಡಿದೀನಿ ಕಣೋ," ಎಂದಳು ಅಕ್ಕ. "ಬೇರೆ ಗ್ರಹದವರು ಬರ್ತಾರೆ ಅನ್ನೋರ ಗುಂಪು. ನಗಬೇಡ."

"ನಗ್ತಿಲ್ಲ."

"ಈ ಟ್ಯೂಬ್‌ಲೈಟ್ ಬಿಂಬ ಕಾಣ್ತಿದೆಯಲ್ಲ, ಅದನ್ನೇ ವಿಡಿಯೋ ಮಾಡಿ ಹಾಕ್ಬಿಟ್ಟೆ."

ಅವನ ಕೈ ನಿಂತಿತು. "ಬಿಂಬ ಅಂತ ಗೊತ್ತಿತ್ತಾ?"

"ಮೊದಲು ಎಲ್ಲಿ ಗೊತ್ತಿತ್ತು? ಹೆದರಿ ಎದೆ ಢವಢವ ಅಂತಿತ್ತು. ವಿಡಿಯೋ ಹಾಕಿ, ಆಚೆ ಕೋಣೆಗೆ ಹೋಗೋಣ ಅಂತ ಇಲ್ಲಿ ದೀಪ ಆರಿಸಿದೆ. ಆಕಾಶದಲ್ಲಿದ್ದವೂ ಆರಿಹೋದ್ವು!" ಅಕ್ಕ ಬಾಯಿಗೆ ಸೆರಗು ಒತ್ತಿ ನಕ್ಕಳು. "ಅಷ್ಟರಲ್ಲಿ ಅಲ್ಲಿ ಒಬ್ಬ, ಹೆದರ್ಬೇಡಿ ಅಕ್ಕಾ, ನಾವಿದ್ದೀವಿ ಅಂತಾನೆ. ಇನ್ನೊಬ್ಬ, ಮೇಷ್ಟ್ರು ಅಂತ, ಕಿಚಾಯಿಸ್ತಾನೆ. ಅವರ ಜೊತೆ ಮಾತಿಗೆ ಬಿದ್ದೆ ನೋಡು, ಇನ್ನು ಹೇಗೆ ಹೇಳ್ಲಿ? ಕೈ ತೋರ್ಸು ಅಂದ್ರು, ಅದನ್ನೂ ತೋರಿಸ್ದೆ."

"ಯಾರೂ ಕಂಡುಹಿಡೀಲಿಲ್ವಾ?"

"ಸೂಜಿ ಅಂತ ಒಬ್ಬ ಇದ್ದಾನೆ. ಮಹಾ ಕೊಂಕು ಮಾತಿನವನು. ಅವನಿಗೆ ಖಂಡಿತ ಗೊತ್ತಾಗಿದೆ. ಆದ್ರೂ ಬಾಯಿ ಬಿಡ್ಲಿಲ್ಲ."

"ಗೊತ್ತಾಗದೇನೂ ಇರಬಹುದು."

"ಏ, ಹೋಗೋ. ಅಂಥ ಆಸಾಮಿ ಅಲ್ಲ ಅವನು. ಬೇಕಂತ್ಲೇ ಬಿಟ್ಟಿದ್ದಾನೆ. ಒಳ್ಳೇ ಮನೆ ಹುಡುಗ ಇರ್ಬೇಕು." ಫೋನು ಸದ್ದು ಮಾಡಿತು. ಅವಳು ಕನ್ನಡಕ ಏರಿಸಿಕೊಂಡು ಓದಿದಳು, ಮುಖ ಅರಳಿತು, ಎರಡೂ ಹೆಬ್ಬೆರಳಿನಿಂದ ಸರಸರನೆ ಬರೆಯತೊಡಗಿದಳು.

ತಮ್ಮನೂ ಅಲ್ಲಿದ್ದಾನೆಂದು ತಿಳಿದರೆ ಅಕ್ಕ ಪ್ರತಿ ಮಾತನ್ನೂ ತೂಗಿ ಬರೆದಾಳು. ತೂಗಿ ತೂಗಿ ಒಂದು ದಿನ ನಿಲ್ಲಿಸಿಯೂ ಬಿಟ್ಟಾಳು. ಅವನು ಪಟ್ಟಿಯನ್ನು ಬೆರಳಿನಿಂದ ಒತ್ತಿ ನೋಡಿದ. ಎಲ್ಲ ಗಟ್ಟಿಯಾಗಿಯೇ ಇತ್ತು. ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿಕೊಂಡ.

ಆ ಸೂಜಿ ತಾನೇ ಎಂದು ಅವನು ಅಕ್ಕನಿಗೆ ಎಂದೂ ಹೇಳಲಿಲ್ಲ.