ಛಾವಣಿಯೊಳಗಿನ ಪೈಪು

ಹುಬ್ಬಳ್ಳಿ-ಧಾರವಾಡದಲ್ಲಿ ಹೊಸ ಮಾದರಿಯ ಅಡುಗೆಮನೆ ಕಟ್ಟಿಕೊಡುವುದರಲ್ಲಿ ಆಫ್ತಾಬನನ್ನು ಮೀರಿಸುವವರು ಹುಟ್ಟಿಲ್ಲ, ಇನ್ನು ಏಳು ಜನ್ಮಕ್ಕೂ ಹುಟ್ಟುವುದಿಲ್ಲ. ಹಾಗೆಂದು ಆಫ್ತಾಬನೇ ಹೇಳುತ್ತಿದ್ದ. ಗೋಡೆಯ ಮೇಲೆ ಚಿಮ್ನಿಯ ಪೈಪು ಕಾಣಬಾರದೆಂದು ಸಪ್ತಾಪುರದ ಸುಜಾತಾ ಹಟ ಹಿಡಿದಾಗ, ಅವನು ಹೊಗೆ ಹೋಗುವ ಆ ಪೈಪಿನ ಬಾಯಿಯನ್ನು ಹೊರಗೆ ಬಿಡದೆ ಊಟದ ಟೇಬಲ್ಲಿನ ಮೇಲಿನ ಪಿಒಪಿ ಛಾವಣಿಯೊಳಗೇ ಬಚ್ಚಿಟ್ಟಿದ್ದ.

ಆರು ತಿಂಗಳ ಮೇಲೆ ಸುಜಾತಾ ಮೂವತ್ತು ಮಂದಿಯನ್ನು ಊಟಕ್ಕೆ ಕರೆದರು, ಅವನನ್ನೂ ಕರೆದರು. ಪಕ್ಕದಲ್ಲಿ ಕುಳಿತ ಮೈಲಾರಪ್ಪ ಹೊಸ ಮನೆ ಕಟ್ಟಿಸುತ್ತಿದ್ದರು. "ನಮ್ಮನ್ಯಾಗೂ ಇಂಥಾದ್ದ ಮಾಡಿಕೊಡ್ರಿ" ಎಂದು ಅವರು ಅನ್ನುವುದಕ್ಕೂ ಆಫ್ತಾಬನ ರೊಟ್ಟಿಯ ಮೇಲೆ ಏನೋ ಟಪ್ಪೆಂದು ಬೀಳುವುದಕ್ಕೂ ಸರಿಹೋಯಿತು. ಧಾರವಾಡದ ಎಮ್ಮೆಗಳೆಲ್ಲ ಒಟ್ಟಿಗೆ ಸೀನಿದಂಥ ಕಪ್ಪು ಎಣ್ಣೆಜಿಡ್ಡು! ನಡುವೆ ಜಿರಳೆಯ ಒಂದು ಕಾಲು.

"ಏನ್ರೀ ಅದು?" ಮೈಲಾರಪ್ಪ ಬಗ್ಗಿ ನೋಡಿದರು.

"ಗುರೆಳ್ಳ ಚಟ್ನಿರೀ. ಎಣ್ಣಿ ಜರಾ ಜಾಸ್ತಿ ಆಗೇತಿ."

ಅನುಮಾನ ಉಳಿಯಬಾರದೆಂದು ಕಾಲಿನ ಸಮೇತ ರೊಟ್ಟಿಯಲ್ಲಿ ಸುತ್ತಿ ಬಾಯಿಗಿಟ್ಟ. ಅದು ಅಂಗುಳಕ್ಕೆ ಗೋಂದಿನಂತೆ ಅಂಟಿತು. ಸಾವಿರ ಮಿರ್ಚಿ ಭಜಿಯ ಹಳಸಲು ನಾತ ಮೂಗಿಗೇರಿತು. ನುಂಗಿದ. ನಕ್ಕ.

"ಅಕ್ಕಾರ, ಆ ಚಟ್ನಿ ನಮಗೂ ಹಾಕ್ರಿ," ಎಂದರು ಮೈಲಾರಪ್ಪ.

"ಚಟ್ನಿ ಇವತ್ತ ಮಾಡೇ ಇಲ್ಲಲ್ರಿ?" ಎನ್ನುತ್ತ ಸುಜಾತಾ ತಲೆ ಎತ್ತಿದರು. ಛಾವಣಿಯಲ್ಲಿ ಮುಂದಿನ ಹನಿ ತೂಗುತ್ತಿತ್ತು. ಮೂವತ್ತು ತಟ್ಟೆಗಳು ಒಮ್ಮೆಲೇ ಹಿಂದೆ ಸರಿದವು.

ಮೈಲಾರಪ್ಪ ಎದ್ದು ನಿಂತರು. "ನಮಗ ಹಳಿ ಒಲಿನ ಛಲೋ ಬಿಡ್ರಿ. ನೀವು ಲಗೂ ಹೋಗಿ ಬಾಯಿ ತೊಳಕೋರಿ."