ಕೈ ಎತ್ತುವವರೆಗೆ

"ತಲೆ ಕಡೆ ಸ್ವಲ್ಪ ಮೇಲೆತ್ತೋ! ಗೋಡೆಗೆ ತಾಗುತ್ತೆ."

ಶವಪೆಟ್ಟಿಗೆ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಹೊತ್ತ ನಾಲ್ವರೂ ಸಿನಿಮಾದಲ್ಲಿ ಏಟು ತಿನ್ನುವವರು. ಒಬ್ಬನ ಮೂಗು ಸೊಟ್ಟ, ಇನ್ನೊಬ್ಬನಿಗೆ ಮೊಣಕಾಲು ಮಡಚಲು ಬಾರದು. ಸತ್ತವನ ಮಗಳು ಗೋಡೆ ಹಿಡಿದುಕೊಂಡು ಹಿಂದೆ ಇಳಿಯುತ್ತಿದ್ದಳು.

"ಮೂರನೇ ಮಹಡಿಯಿಂದ ಎಷ್ಟು ಸಲ ಹಾರಿದಾನೆ ಈ ಮಹಾನುಭಾವ," ಎಂದ ಸೊಟ್ಟಮೂಗಿನವನು ಏದುಸಿರು ಬಿಡುತ್ತ. "ಮೆಟ್ಟಿಲಿಳಿಯೋಕೆ ಹೇಗೆ ಸತಾಯಿಸ್ತಾನೆ ನೋಡು."

ಎಲ್ಲರೂ ನಕ್ಕರು. ನಗುತ್ತಲೇ ಒಬ್ಬ ಕಣ್ಣೊರೆಸಿಕೊಳ್ಳಲು ಹೋಗಿ ಪೆಟ್ಟಿಗೆ ವಾಲಿತು. ಅವಳ ಅಣ್ಣ ಓಡಿಬಂದು ಹೆಗಲು ಕೊಟ್ಟ. ಬೆಳಗಿನಿಂದ ಕೇಳುತ್ತಿದ್ದುದನ್ನೇ ಮತ್ತೆ ಕೇಳಿದ.

"ಅಪ್ಪ ಬಿದ್ದ ತಕ್ಷಣ ಡಾಕ್ಟರಿಗೆ ಫೋನ್ ಮಾಡಿದೆ ತಾನೆ?"

"ಹೂಂ ಅಣ್ಣ," ಎಂದಳು. ಹಸಿ ಸುಳ್ಳು.

*

ಸೈನ್ಯ ಬಿಟ್ಟು ಬಂದಾಗ ಅಪ್ಪನ ಕೈಯಲ್ಲಿದ್ದದ್ದು ಒಂದೇ ವಿದ್ಯೆ: ಉಸಿರು ಬಿಗಿಹಿಡಿದು ಹೆಣದಂತೆ ಮಲಗುವುದು. ಅದೇ ಮೂವತ್ತು ವರ್ಷ ಅನ್ನ ಹಾಕಿತು. ಶೂಟಿಂಗಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಬಿದ್ದವನು ತಾನಾಗಿ ಕೈ ಎತ್ತುವವರೆಗೆ ಯಾರೂ ಹತ್ತಿರ ಸುಳಿಯಬಾರದು, ಸುಳಿದರೆ ಶಾಟ್ ಕೆಡುತ್ತದೆ. ಅಪ್ಪ ಇದನ್ನು ಮನೆಗೂ ತಂದಿದ್ದ. ಅವಳು ಚಿಕ್ಕವಳಿದ್ದಾಗ ಎಲ್ಲೆಂದರಲ್ಲಿ ದೊಪ್ಪನೆ ಬೀಳುತ್ತಿದ್ದ. ತಾಳಲಾರದೆ ಮುಟ್ಟಿದರೆ ಅವಳು ಸೋತಂತೆ. ಎಪ್ಪತ್ತು ದಾಟಿದರೂ ಮುದುಕನಿಗೆ ಆ ಚಟ ಬಿಟ್ಟಿರಲಿಲ್ಲ.

ಮೊನ್ನೆ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಬಿದ್ದ. ಅವಳು ಬಟಾಣಿ ಸುಲಿಯುತ್ತಿದ್ದಳು.

"ಶಾಟ್ ಓಕೆ. ಏಳಪ್ಪ."

ಏಳಲಿಲ್ಲ. ಈ ಸಲ ಸೋಲಬಾರದೆಂದು ಅವಳೂ ಹಟ ಹಿಡಿದಳು. ಬಟ್ಟಲು ತುಂಬುವವರೆಗೆ ಸುಲಿದಳು. ನಡುವೆ ಒಮ್ಮೆ ಅವನ ಬೆರಳು ಅಲುಗಿತು. "ನೋಡಿದೆ, ನೋಡಿದೆ!" ಎಂದು ನಕ್ಕಳು.

*

ಮಣ್ಣು ಮಾಡಿ ಬಂದ ಮೇಲೂ ಆ ನಗು ಅವಳ ಕಿವಿ ಬಿಡಲಿಲ್ಲ. ಅಪ್ಪನನ್ನು ಸಿನಿಮಾಕ್ಕೆ ಸೇರಿಸಿದ್ದ ಹಳೆಯ ಫೈಟ್ ಮಾಸ್ಟರ್ ಬಾಲ್ಕನಿಯಲ್ಲಿ ಒಬ್ಬರೇ ಕೂತಿದ್ದರು. ತಡೆಯಲಾರದೆ ಅವರ ಮುಂದೆ ಎಲ್ಲ ಹೇಳಿಬಿಟ್ಟಳು.

"ನಾನೇ ಕೊಂದೆ ಮಾಸ್ಟರ್."

ಅವರು ಪಕ್ಕದ ಕುರ್ಚಿ ಎಳೆದು ಅವಳನ್ನು ಕೂರಿಸಿದರು.

"ಯುದ್ಧದಲ್ಲಿ ನಿಮ್ಮಪ್ಪ ಒಂದು ಹಗಲು ಪೂರ್ತಿ ಹೆಣಗಳ ಮಧ್ಯೆ ಮಲಗಿದ್ದ. ಅಲುಗಾಡಿದ್ರೆ ಗುಂಡು. ಪಕ್ಕದಲ್ಲೇ ಗೆಳೆಯ ಗಾಯವಾಗಿ ನೀರು, ನೀರು ಅಂತಿದ್ದ. ಇವನ ಸೊಂಟದ ಬಾಟ್ಲಿಯಲ್ಲಿ ನೀರಿತ್ತು ಕಣಮ್ಮ. ಕತ್ತಲಾದ ಮೇಲೆ ಕೊಡೋಕೆ ಹೋದ. ಅಷ್ಟೊತ್ತಿಗೆ ಅವನು ತಣ್ಣಗಾಗಿದ್ದ."

"ನಂಗೆ ಯಾವತ್ತೂ ಹೇಳ್ಲಿಲ್ಲ."

"ನಿನ್ನ ತಪ್ಪಲ್ಲ ಕಣೋ ಅಂತ ನಿಮ್ಮಪ್ಪನ ಹತ್ರ ಬಡ್ಕೊಂಡೆ. ಒಂದು ಸಲಾನೂ ಕಿವಿಗೆ ಹಾಕ್ಕೊಳ್ಳಲಿಲ್ಲ. ನೀನಾದ್ರೂ ಹಾಕ್ಕೋ ಮಗಳೇ."

ಅವಳು ತಲೆಯಾಡಿಸಿದಳು. ಮಾತು ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ. ಅಣ್ಣನಿಗೂ ಹೇಳಿಬಿಡೋಣವೆಂದು ಒಳಗೆ ಬಂದಳು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೆಲಕ್ಕೆ ಬಿದ್ದಿತ್ತು. ಎರಡು ದಿನ ಕಣ್ಣು ಮುಚ್ಚದ ಜನ, ಕೂತಲ್ಲೇ ಒರಗಿ ನಿದ್ದೆ ಹೋಗಿದ್ದರು. ಪೆಟ್ಟಿಗೆ ಹೊತ್ತವರು ಬರಿ ನೆಲದ ಮೇಲೆ ಕೈಕಾಲು ಚೆಲ್ಲಿ ಬಿದ್ದಿದ್ದರು. ಅವರ ನಡುವೆ ಅಣ್ಣ, ಅರ್ಧ ಬಾಯಿ ತೆರೆದುಕೊಂಡು.

ಅವಳು ಮಂಡಿಯೂರಿದಳು. ಅವನ ಎದೆ ಏರಿಳಿಯುವುದು ಕಾಣಲಿಲ್ಲ. ಮೂಗಿನ ಬಳಿ ಬೆರಳಿಟ್ಟಳು. ಉಸಿರು ಇತ್ತೋ, ಇಲ್ಲವೋ. ಎರಡೂ ಭುಜ ಹಿಡಿದು ಜೋರಾಗಿ ಅಲುಗಿಸಿದಳು.

"ಅಣ್ಣ! ಏಳು! ಏಳು!"

ಅವನು ಬೆಚ್ಚಿಬಿದ್ದು ಎದ್ದು ಕೂತ. "ಏನೇ? ಏನಾಯ್ತು?"

ಅವನನ್ನೇ ದಿಟ್ಟಿಸಿದಳು.

"ಏನಿಲ್ಲ. ಮಲಕ್ಕೋ."

ಅವನು ಗೊಣಗಿಕೊಂಡು ಮಗ್ಗುಲಾದ. ಅವಳು ಮಂಡಿಯ ಮೇಲೇ ಸರಿದು, ಪಕ್ಕದವನ ಮೂಗಿನ ಬಳಿ ಬೆರಳು ಹಿಡಿದಳು.