ಬರಿ ತಟ್ಟೆ ಕೊಡಬಾರದು

ನಮ್ಮತ್ತೆ ಮಾಯಮ್ಮ ಸಾಯುವುದೆಂದು ತೀರ್ಮಾನ ಮಾಡಿದ್ದು ತೊಂಬತ್ತಾರನೇ ಇಸವಿಯಲ್ಲಿ, ಶಿವರಾತ್ರಿ ಕಳೆದ ಮೇಲೆ. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ನಮ್ಮ ಪಾಂಡವಪುರದ ಡಾಕ್ಟರು ಬಂದು ನಾಡಿ ಹಿಡಿದು, ನಾಲಿಗೆ ಚಾಚಿಸಿ ನೋಡಿ, "ಈಯಮ್ಮಂಗಿಂತ ನನ್ನ ಬೀಪೀನೇ ಜಾಸ್ತಿ ಅದೆ" ಎಂದು ಹೇಳಿ ಹೋದರು. ಆದರೂ ಅತ್ತೆ ನಡುಮನೆಯಲ್ಲಿ ಚಾಪೆ ಹಾಸಿಸಿಕೊಂಡು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ದಿನಕ್ಕೊಂದು ಲೋಟ ಗಂಜಿ ಬಿಟ್ಟರೆ ಬೇರೇನೂ ಮುಟ್ಟುತ್ತಿರಲಿಲ್ಲ.

"ಯಾಕತ್ತೆ ಇಂಗ್ ಮಾಡ್ತೀರಿ?" ಅಂದರೆ, "ಎಲ್ಲಾರ್ ರುಣವೂ ತೀರ್ತು ಕಣಮ್ಮಿ. ಇನ್ನೇನ್ ಕೆಲ್ಸ ಅದೆ ನಂಗೆ ಇಲ್ಲಿ?" ಅನ್ನುತ್ತಿದ್ದರು.

ಋಣದ ವಿಷಯದಲ್ಲಿ ಅತ್ತೆ ಬಲೇ ಖಡಕ್ಕು. ಒಬ್ಬರ ಋಣ ಇಟ್ಟುಕೊಂಡು ಸತ್ತರೆ ಅವರ ಕೊಟ್ಟಿಗೆಯಲ್ಲೇ ಎಮ್ಮೆಯಾಗಿ ಹುಟ್ಟಿ, ಹಾಲು ಕೊಟ್ಟು ತೀರಿಸಬೇಕು ಎನ್ನುವುದು ಅವರ ಲೆಕ್ಕ. ಅದಕ್ಕೇ ಮಲಗುವ ಮೊದಲು ಊರವರ ಜರಡಿ, ಕುಡುಗೋಲು, ಒನಕೆ ಎಲ್ಲ ವಾಪಸ್ ಕಳಿಸಿದ್ದರು. ಕುಳ್ಳಯ್ಯನ ಮನೆಯಿಂದ ಯಾವ ಕಾಲದಲ್ಲೋ ಹೆಪ್ಪಿಗೆಂದು ಈಸಿಕೊಂಡಿದ್ದ ಒಂದು ಚಮಚ ಮಜ್ಜಿಗೆಗೂ ಒಂದು ಚೊಂಬು ಮೊಸರು ಹೋಯಿತು. ಮಜ್ಜಿಗೆ ಕೊಟ್ಟ ಹೆಂಗಸು ಸತ್ತೇ ಎಷ್ಟೋ ವರ್ಷವಾಗಿತ್ತು. ಕುಳ್ಳಯ್ಯ ತಲೆ ಕೆರೆದುಕೊಂಡು ಮೊಸರು ಕುಡಿದ.

ಸುದ್ದಿ ತಿಳಿದು ಬಿಂಡಿಗನವಿಲೆಯಿಂದ ದೊಡ್ಡ ನಾದಿನಿ, ಹೇಮಗಿರಿ ಕಡೆಯಿಂದ ಚಿಕ್ಕ ನಾದಿನಿ ಬಸ್ಸಿನ ಮೇಲೆ ಬಸ್ಸು ಹತ್ತಿ ಬಂದರು. ಅತ್ತರು, ನಾನು ಬೇಯಿಸಿ ಹಾಕಿದ ಕೋಳಿಸಾರು ಮುದ್ದೆ ಉಂಡರು, ಮತ್ತೆ ಅತ್ತರು. "ಅವ್ವ ಸಾಯಂಗೂ ಕಾಣ್ದು, ಏಳಂಗೂ ಕಾಣ್ದು. ಎಷ್ಟ್ ದಿನ ಅಂತ ಅಳಾದು ಸೋಮಿ?" ಎಂದು ನನ್ನನ್ನೇ ಕೇಳಿ ಊರಿಗೆ ಹೋದರು. ಅಯ್ಯೋ, ನಾನೇನು ಪಂಚಾಂಗ ಇಟ್ಟುಕೊಂಡಿದ್ದೀನಾ?

ಮದುವೆಯಾಗಿ ಬಂದ ದಿನದಿಂದಲೂ ನನಗೂ ಅತ್ತೆಗೂ ಎಣ್ಣೆ ಸೀಗೆಕಾಯಿ. ನಾನು ಒಂದಂದರೆ ಅವರು ಎರಡು ಅನ್ನುವವರು. ಈಗ ನೋಡಿದರೆ ಸಾರಿಗೆ ಬೇಕಂತಲೇ ಉಪ್ಪು ಸುರಿದು ಎದುರಿಗಿಟ್ಟರೂ ಬಯ್ಯುತ್ತಿರಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು. ಈಯಮ್ಮ ಹೋದರೆ ನಾನು ಯಾರ ಜೊತೆ ಬದುಕಲಿ ಎಂದು ಅಡುಗೆಮನೆಯಲ್ಲಿ ಕೂತು ಕಣ್ಣೀರು ಹಾಕಿದೆ.

ಈಗ ಪಕ್ಕದ ಮನೆಯ ವಿಷಯ ಹೇಳಬೇಕು. ಅಲ್ಲಿ ಬಾಡಿಗೆಗೆ ಇದ್ದವರು ನಾಗಾಂವ್ಕರ್ ಸಾಹೇಬರು ಮತ್ತು ಅವರ ಹೆಂಡತಿ ರಿಬ್ಕಾಬಾಯಿ. ಬೊಂಬಾಯಿ ಕಡೆಯವರು, ಮನೆಯಲ್ಲಿ ಮರಾಠಿ ಮಾತು. ಸಾಹೇಬರಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಬಂದ ಹೊಸದರಲ್ಲಿ ನಮ್ಮ ಯಜಮಾನರು ರವೀಂದ್ರ, "ನೀವು ಯಾವ ಜನ ಸಾರ್?" ಎಂದು ಕೇಳಿದ್ದಕ್ಕೆ ಅವರು "ಬೆನೆ ಇಸ್ರಾಯೇಲ್" ಅಂದಿದ್ದರು. ಇವರಿಗೆ ಕೇಳಿಸಿದ್ದು ಬೇನೆ ಮಾತ್ರ. ಬೀದಿಯವರೆಲ್ಲ ಪಾಪ, ಏನು ಬೇನೆಯೋ ಏನೋ ಎಂದು ಜೀರಿಗೆ ಕಷಾಯ, ಅಮೃತಬಳ್ಳಿ ತಂದುಕೊಟ್ಟರು. ಶನಿವಾರ ಅವರು ಒಲೆ ಹಚ್ಚುತ್ತಿರಲಿಲ್ಲ. ಬೇನೆ ವಾಸಿಯಾಗಲಿ ಅಂತ ಶನಿದೇವರ ವ್ರತ ಹಿಡಿದಿದ್ದಾರೆ ಎಂದು ನಾವೇ ಅರ್ಥ ಮಾಡಿಕೊಂಡೆವು. ಅವರು ಯೆಹೂದಿಗಳು, ಅದು ಕುಲದ ಹೆಸರು ಎಂದು ಗೊತ್ತಾಗುವಷ್ಟರಲ್ಲಿ ಸಾಹೇಬರಿಗೆ ಕಷಾಯ ಅಭ್ಯಾಸವಾಗಿ ಹೋಗಿತ್ತು.

ಆವತ್ತು ಹುಣ್ಣಿಮೆ. ಬೆಳಿಗ್ಗೆ ರಿಬ್ಕಾಬಾಯಿ ಒಂದು ಸ್ಟೀಲ್ ತಟ್ಟೆಗೆ ಕಸೂತಿ ಬಟ್ಟೆ ಮುಚ್ಚಿಕೊಂಡು ಬಂದರು. ಒಳಗೆ ಒಬ್ಬಟ್ಟು, ಬಾಳೆಹಣ್ಣು.

"ನಮ್ದು ಹಬ್ಬ ಇದೆ ಸೋಮಮ್ಮ, ಪುರೀಮ್. ಹಿಂದೆ ಹಾಮಾನ್ ಅಂತ ಕೆಟ್ಟ ಮಂತ್ರಿ ನಮ್ಮವರನ್ನ ಎಲ್ಲ ಕೊಲ್ಲಿಸಕ್ಕೆ ನೋಡಿದ. ನಾವು ಬದುಕಿದ್ವಿ. ಅದರ ಖುಷಿಗೆ ಇವತ್ತು ಎರಡು ಥರ ತಿಂಡಿ ಬೇಕಾದವರಿಗೆ ಕೊಡಬೇಕು."

ಅವರು ಅತ್ತ ಹೋದರು, ಇತ್ತ ಗೋಡೆ ಕಡೆಯಿಂದ ಧ್ವನಿ ಬಂತು. "ಯಾರ್ದಮ್ಮಿ ತಟ್ಟೆ?"

"ಪಕ್ಕದ್ಮನೆ ಬಾಯೋರ್ದು."

ಅತ್ತೆ ಹಣೆ ಚಚ್ಚಿಕೊಂಡರು. "ಥೂ, ಈಗ್ ತಂದವ್ಳಲ್ಲ! ನಾಕ್ ದಿನ ತಡ್ಕಳಕ್ ಆಗ್ನಿಲ್ವಾ ಅವ್ಳ್ಗೆ? ಅವ್ರ ಮನೇಲಿ ಎಮ್ಮೆನೂ ಇಲ್ಲ. ನಾನೇನ್ ಬೆಕ್ಕಾಗಿ ಉಟ್ಲಾ? ಅದನ್ನ ಮುಟ್ಬೇಡ. ಬೇರೆ ತಟ್ಟೆಗ್ ಸುರ್ಕೊಂಡು, ಆ ತಟ್ಟೆಗೆ ಒಂದಿಷ್ಟು ಸಕ್ರೆ ಆಕಿ ಕೊಟ್ಟುಬಾ. ಬರಿ ತಟ್ಟೆ ಕೊಡ್ಬಾರ್ದು."

ಅದು ನನಗೆ ಗೊತ್ತಿಲ್ಲವೇ? ಬರಿ ತಟ್ಟೆಯನ್ನು ಯಾರು ತಾನೇ ವಾಪಸ್ ಕೊಡುತ್ತಾರೆ? ಸಕ್ಕರೆ ಹಾಕಿ ಕೊಟ್ಟು ಬಂದೆ. ಅತ್ತೆ ಕೈ ಮುಗಿದು ಕಣ್ಣು ಮುಚ್ಚಿದರು. ಅಷ್ಟರಲ್ಲಿ ರಿಬ್ಕಾಬಾಯಿ ಮತ್ತೆ ಬಾಗಿಲಲ್ಲಿ! ತಟ್ಟೆಯಲ್ಲಿ ಕರ್ಜಿಕಾಯಿ, ಕಿತ್ತಳೆ.

"ನೀವೂ ಹಬ್ಬಕ್ಕೆ ಸಿಹಿ ಕಳಿಸಿದ್ರಿ, ಎಷ್ಟು ಸಂತೋಷ ಆಯ್ತು! ಇವತ್ತು ಕೊಟ್ಟೋರಿಗೆ ವಾಪಸ್ ಕೊಡದೆ ಇರಬಾರದು."

ಆ ಹೆಂಗಸು ಸಕ್ಕರೆಯನ್ನು ಹಬ್ಬದ ಉಡುಗೊರೆ ಅಂದುಕೊಂಡಿತ್ತು. ಅತ್ತೆ ಮೊಣಕೈ ಊರಿ ಎದ್ದರು. "ಇದೇನಮ್ಮಿ ಇದು, ತೀರುಸ್ದಂಗೂ ಬೆಳೀತದೆ! ಸಕ್ರೆ ಸಾಲ್ದು ಅನ್ಸತ್ತೆ ಅವ್ಳ್ಗೆ. ನುಚ್ಚಿನುಂಡೆ ಮಾಡಿ ಕಳ್ಸು."

ನುಚ್ಚಿನುಂಡೆ ಹೋಯಿತು. ಚಕ್ಕುಲಿಯೂ ಖರ್ಜೂರವೂ ಬಂತು. "ನಿನ್ ಕೈಲಾಗ್ದು, ನಿಂಗೆ ಬೇಳೆ ಯಾವ್ದು ಕಲ್ಲು ಯಾವ್ದು ತಿಳ್ಯಾಕಿಲ್ಲ" ಎಂದು ಅತ್ತೆ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಶಿವರಾತ್ರಿಯಿಂದ ಎದ್ದು ನಿಲ್ಲದ ಹೆಂಗಸು ಶಾವಿಗೆ ಒರಳಿನ ಮುಂದೆ ಕುಕ್ಕರಗಾಲಲ್ಲಿ ಕೂತು, "ಒತ್ತೇ, ಜೋರಾಗ್ ಒತ್ತೇ, ಏನ್ ನಿಮ್ಮಪ್ಪನ್ ಮನೇಲಿ ಅನ್ನ ಆಕಿರ್ನಿಲ್ವಾ?" ಎಂದು ನನ್ನನ್ನು ಉಗಿದರು. ಆ ಬೈಗುಳ ಕೇಳಿ ನನ್ನ ಕಿವಿ ತಣ್ಣಗಾಯಿತು. ಕೆಲಸ ಮಾಡಿ ಹಸಿವಾಯಿತೆಂದು ಮಧ್ಯಾಹ್ನ ಒಂದು ಮುದ್ದೆ ಇಡಿಯಾಗಿ ನುಂಗಿದರು. ಪಕ್ಕದ ಮನೆಯಿಂದ ಬಂದದ್ದನ್ನು ಮಾತ್ರ ನಾಲಿಗೆಗೂ ಸೋಕಿಸಲಿಲ್ಲ.

ಆಗ ನನಗೆ ಹೊಳೆಯಿತು. ತಟ್ಟೆ ಬರುತ್ತಿರುವವರೆಗೂ ಈಯಮ್ಮ ಸಾಯುವುದಿಲ್ಲ. ಋಣ ತೀರಿತು ಅಂದರೆ ಹೋದಳು.

ಹಿತ್ತಲಿಂದ ಓಡಿದೆ. "ಬಾಯೋರೆ, ದಮ್ಮಯ್ಯ, ನಿಲ್ಲಿಸಬ್ಯಾಡಿ. ತಟ್ಟೆ ಕಳಿಸ್ತಾ ಇರಿ" ಎಂದು ಎಲ್ಲ ಬಿಡಿಸಿ ಹೇಳಿದೆ. ರಿಬ್ಕಾಬಾಯಿ ನನ್ನ ಕೈ ಹಿಡಿದುಕೊಂಡರು. ಆದರೆ ಅವರ ಡಬ್ಬಗಳೆಲ್ಲ ಖಾಲಿಯಾಗಿದ್ದವು. ಅದಕ್ಕೇನಂತೆ? ನಮ್ಮ ಮನೆಯ ಬೆಲ್ಲ, ಕೊಬ್ಬರಿ, ಕಡಲೆಬೀಜವನ್ನು ಮಡಿಲಲ್ಲಿ ಕಟ್ಟಿಕೊಂಡು ಹಿತ್ತಲ ಬಾಗಿಲಿಂದ ಸಾಗಿಸಿದೆ. ಅದು ಕಸೂತಿ ಬಟ್ಟೆ ಮುಚ್ಚಿಕೊಂಡು ಮುಂದಿನ ಬಾಗಿಲಿಂದ ನಮ್ಮ ಮನೆಗೇ ಬಂತು. ನಾನೇ ಬಾಗಿಲಲ್ಲಿ ನಿಂತು, "ಅಯ್ಯೋ, ಯಾಕ್ ತರಕ್ ಓದ್ರಿ ಬಾಯೋರೆ" ಎಂದು ಉಪಚಾರ ಮಾಡಿದೆ.

ಅತ್ತೆ ಬೆಲ್ಲ ಮೂಸಿ ನೋಡಿದರು. "ನಮ್ ಆಲೆಮನೆ ಬೆಲ್ಲದ್ ತರಾನೇ ಅದೆಯಲ್ಲ?"

"ಬೆಲ್ಲ ಅಂದ್ಮೇಲೆ ಬೆಲ್ಲದ ತರ ಇರ್ದೆ ಇನ್ನೇನತ್ತೆ?" ಅಂದೆ.

ಸಾಯಂಕಾಲ ಎಡವಟ್ಟಾಯಿತು. ಅತ್ತೆ ರವೆಉಂಡೆ, ಕೋಡುಬಳೆ ಮಾಡಿಸಿ ಕಳಿಸಿದ್ದೂ ಹೊತ್ತು ಮುಳುಗಿದ್ದೂ ಒಂದೇ ಆಯಿತು. ಸಾಹೇಬರು ಕೈ ಅಡ್ಡ ಹಿಡಿದರು. "ಸೂರ್ಯ ಹೋಯ್ತು, ಹಬ್ಬ ಹೋಯ್ತು. ಇನ್ನು ಕಳಿಸೋ ಹಾಗಿಲ್ಲ." ಸಂಪ್ರದಾಯ ಬಿಡಬಾರದೆಂದು ಅವರು ಆವತ್ತು ಕುಡಿದಿದ್ದರು. ಒಳ್ಳೆಯವನು ಯಾರು ಕೆಟ್ಟವನು ಯಾರು ಎಂದು ಗೊತ್ತಾಗದಷ್ಟು ಕುಡಿಯಬೇಕಂತೆ. ನನ್ನ ಹಿಂದೆಯೇ ಬಂದ ನಮ್ಮ ಯಜಮಾನರನ್ನು ಕಂಡು, "ಏ ಹಾಮಾನ್, ಬಾ, ಕೂತ್ಕೋ" ಎಂದು ಕರೆದರು.

ಇತ್ತ ಅತ್ತೆ ಆಗಲೇ ಚಾಪೆ ಮೇಲೆ ನೆಟ್ಟಗೆ ಮಲಗಿದ್ದರು. "ನಂದೇ ಕೊನೇದು ಕಣಮ್ಮಿ. ತೀರ್ತು. ಈಗ ನೆಮ್ದಿ" ಎಂದು ಗೋಡೆ ಕಡೆ ತಿರುಗಿಕೊಂಡರು. ರಾತ್ರಿಗೆ ಗಂಜಿಯೂ ಬೇಡವೆಂದರು. ನಾನು ಮತ್ತೆ ಹಿತ್ತಲಿಂದ ಓಡಿ ಹೋಗಿ ಸಾಹೇಬರ ಮುಂದೆ ಗೋಳೋ ಎಂದು ಅತ್ತುಬಿಟ್ಟೆ.

ಸಾಹೇಬರು ತಲೆ ತೂಗಿದರು. "ನಾನೇನು ಮಾಡ್ಲಿ ಸೋಮಮ್ಮ? ಇದು ಗೋಡೆ ಇರೋ ಊರಾಗಿದ್ರೆ ನಾಳೆ ಹಬ್ಬ ಇರ್ತಿತ್ತು. ನಮ್ಮ ಹಳೇ ನಾಯಕ ಯೆಹೋಶುವನ ಕಾಲದಿಂದ ಸುತ್ತ ಕೋಟೆಗೋಡೆ ಇರೋ ಊರಲ್ಲಿ ಪುರೀಮ್ ಒಂದು ದಿನ ಲೇಟು. ಪಾಂಡವಪುರಕ್ಕೆ ಗೋಡೆ ಎಲ್ಲಿದೆ?"

"ಪಟ್ಣಕ್ಕದೆಯಲ್ಲ ಸಾಹೇಬ್ರೆ!" ಎಂದು ಕಿರುಚಿದೆ. ಶ್ರೀರಂಗಪಟ್ಟಣದ ಕೋಟೆಯೊಳಗೇ ಅತ್ತೆಯ ತಮ್ಮ ಚಲುವಯ್ಯ ಮಾವನ ಮನೆ.

ಸಾಹೇಬರು ಒಂದು ಕಣ್ಣು ಮುಚ್ಚಿ ಯೋಚಿಸಿದರು. "ಅದು ಯೆಹೋಶುವನ ಕಾಲದ್ದಾ? ಗೊತ್ತಿಲ್ಲ. ಗೊತ್ತಿಲ್ಲ ಅಂದ್ರೆ ಅನುಮಾನ. ಅನುಮಾನ ಇದ್ದ ಊರಲ್ಲಿ ಎರಡೂ ದಿನ ಮಾಡೋದುಂಟು. ಆದ್ರೆ ಸೂರ್ಯ ಹುಟ್ಟೋ ಮೊದಲೇ ಕೋಟೆ ಒಳಗಿರಬೇಕು."

ಬೆಳಗಿನ ಜಾವ ಮೂರಕ್ಕೇ ಯಜಮಾನರು ಟ್ರಾಕ್ಟರಿಗೆ ಟ್ರೇಲರು ಕಟ್ಟಿ ಹುಲ್ಲು ಹಾಸಿದರು. ಅತ್ತೆಗೆ ಏನು ಹೇಳುವುದು? "ಕಾವೇರಿ ದಡದಲ್ಲಿ ಪ್ರಾಣ ಬುಟ್ರೆ ಪುಣ್ಯ ಅಂತಾರೆ ಅತ್ತೆ, ಚಲುವಯ್ಯ ಮಾವನ ಮನೆಗ್ ಓಗಮಾ?" ಅಂದೆ. ಅತ್ತೆಯ ಮುಖ ಅರಳಿತು. "ಈಗ್ಲಾದ್ರೂ ಒಂದ್ ಬುದ್ಧಿವಂತ್ಕೆ ಮಾತಾಡ್ದೆ" ಎಂದು ತಾವೇ ಎದ್ದು ಸೀರೆ ಬದಲಾಯಿಸಿ, ತಲೆ ಬಾಚಿಕೊಂಡು, ಟ್ರೇಲರ್ ಹತ್ತಿದರು. ರಿಬ್ಕಾಬಾಯಿ, ಸಾಹೇಬರೂ ಹತ್ತಿದ್ದು ನೋಡಿ, "ಕಳುಸ್ಕೊಡಕ್ ಬತ್ತಾವ್ರಾ? ಪಾಪ, ಒಳ್ಳೆ ಜನ" ಅಂದರು. ಸಾಯಿಸಲು ಕರೆದುಕೊಂಡು ಹೋಗುತ್ತಿದ್ದಾರೆಂದು ಅವರಿಗೆ ಖುಷಿ, ಸಾಯಬಾರದೆಂದು ಕರೆದುಕೊಂಡು ಹೋಗುತ್ತಿದ್ದೇವೆಂದು ನಮಗೆ ಗಾಬರಿ. ಬಾಯಿಯವರ ಮಡಿಲಲ್ಲಿ ಅದೇ ತಟ್ಟೆ, ಸರಿರಾತ್ರಿಯಲ್ಲೇ ಎದ್ದು ಬೇಯಿಸಿದ ಒಬ್ಬಟ್ಟು.

ಬೆಳಕು ಹರಿಯುವ ಮೊದಲೇ ಕೋಟೆ ಬಾಗಿಲು ದಾಟಿದೆವು. ಚಲುವಯ್ಯ ಮಾವ ಹಲ್ಲುಜ್ಜುತ್ತಾ ಬೀದಿಯಲ್ಲೇ ನಿಂತಿದ್ದರು. ಸಾಹೇಬರು ಇಳಿದವರೇ ನಮಸ್ಕಾರ ಕೂಡ ಹೇಳದೆ ಕೇಳಿದರು: "ಈ ಗೋಡೆ ಯೆಹೋಶುವನ ಕಾಲದಲ್ಲಿ ಇತ್ತಾ?"

ಮಾವ ಉಗುಳಿ ಬಾಯಿ ಒರೆಸಿಕೊಂಡರು. "ಅವ್ರ್ಯಾರು ಸ್ವಾಮಿ? ಯಾವ್ ಬೀದಿಯೋರು?"

"ಬಹಳ ಹಿಂದಿನವರು. ಮೂರು ಸಾವಿರ ವರ್ಷ."

"ಇದ್ರೂ ಇರ್ಬೌದು ಕಣಪ್ಪ. ನಮ್ ತಾತ ಉಟ್ಟಕ್ ಮೊದ್ಲೇ ಇತ್ತಂತೆ."

"ಇರಬಹುದು ಅಂದ್ರಾ? ಸಾಕು. ಹಬ್ಬ!" ಎಂದು ಸಾಹೇಬರು ಹೆಂಡತಿಯ ಕಡೆ ಕೈ ಬೀಸಿದರು.

ಅತ್ತೆಯನ್ನು ಜಗುಲಿಯ ಮೇಲೆ ಕೂರಿಸಿದ್ದೆವು. ಸೂರ್ಯ ಹುಟ್ಟುತ್ತಿದ್ದ ಹಾಗೇ ರಿಬ್ಕಾಬಾಯಿ ಕಸೂತಿ ಬಟ್ಟೆ ಮುಚ್ಚಿದ ತಟ್ಟೆಯನ್ನು ಅವರ ಮುಂದೆ ಇಟ್ಟರು. "ಅಮ್ಮ, ಕೋಟೆ ಇರೋ ಊರಲ್ಲಿ ಇವತ್ತು ಹಬ್ಬ."

ಅತ್ತೆ ತಟ್ಟೆ ನೋಡಿದರು, ಬಾಯಿಯವರನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. "ಸೋಮಿ, ನೆನ್ನೆ ಬೆಲ್ಲ ನಮ್ದೇ ತಾನೆ?"

ಇನ್ನು ಮುಚ್ಚಿಡಲು ನನ್ನ ಕೈಲಾಗಲಿಲ್ಲ. "ಊಂ, ನಮ್ದೇ! ಕೊಬ್ರಿನೂ ನಮ್ದೇ, ಕಳ್ಳೆಬೀಜನೂ ನಮ್ದೇ. ನಾನೇ ಹಿತ್ಲಿಂದ ಕೊಟ್ಟೆ. ರುಣ ತೀರ್ತು ಅಂತ ನೀವ್ ನೆಮ್ದಿಯಾಗ್ ಮಲೀಕತೀರಿ, ನನ್ ಗತಿಯೇನು? ನೀವ್ ಬಯ್ಯದೆ ಇದ್ರೆ ಆ ಮನೇಲಿ ನಂಗೆ ಬೆಳಗೇ ಆಗಕಿಲ್ಲ ಅತ್ತೆ. ನೀವ್ ಸಾಯ್ಬ್ಯಾಡಿ" ಎಂದು ಬೀದಿಯವರೆಲ್ಲ ಕೇಳುವ ಹಾಗೆ ಅತ್ತುಬಿಟ್ಟೆ.

ಅತ್ತೆ ಬಟ್ಟೆ ಸರಿಸಿ ಒಬ್ಬಟ್ಟಿನ ಒಂದು ಚೂರು ಮುರಿದರು. ನಾವು ನೋಡುತ್ತಿದ್ದ ಹಾಗೇ ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು.

"ಊರ್ಣ ನುಣ್ಣುಗ್ ರುಬ್ಬಿಲ್ಲ" ಅಂದರು ರಿಬ್ಕಾಬಾಯಿಗೆ. "ಏಲಕ್ಕಿ ಸಾಲ್ದು. ಕಣಕನೂ ನೆಂದಿಲ್ಲ. ಇಂಗೇ ಮಾಡ್ತೀಯಾ ವರ್ಸಾ ವರ್ಸಾ?" ಬೈಯುತ್ತಲೇ ಇನ್ನೊಂದು ಚೂರು ಮುರಿದರು, ಇನ್ನೊಂದು. ಇಡೀ ಒಬ್ಬಟ್ಟು ಮುಗಿಯಿತು.

ಚಲುವಯ್ಯ ಮಾವನಿಗೆ ಇದ್ಯಾವುದೂ ಗೊತ್ತಿಲ್ಲವಲ್ಲ, ಮರ್ಯಾದಸ್ಥ ಮನುಷ್ಯ, ಒಳಗಿಂದ ಸಕ್ಕರೆ ಡಬ್ಬ ತಂದು, "ತತ್ತಾ ಅಕ್ಕ ತಟ್ಟೆಯ. ಬರಿ ತಟ್ಟೆ ಕೊಡ್ಬಾರ್ದು" ಎಂದು ಕೈ ಚಾಚಿದರು.

ಅತ್ತೆ ತಟ್ಟೆಯನ್ನು ಎತ್ತಿ ಸೆರಗಿನೊಳಗೆ ಇಟ್ಟುಕೊಂಡರು. "ಮಡಗ್ಲಾ ಸಕ್ರೆಯ. ಕೊಡಾಕಿಲ್ಲ. ಉಂಡಿವ್ನಿ, ರುಣ ಆಗದೆ. ಬರೋ ವರ್ಸ ಇವ್ಳ ಅಬ್ಬಕ್ಕೆ ಊರ್ಣ ರುಬ್ಬದು ನಾನೇ ಪಕ್ಕದಲ್ ಕೂತ್ಕಂಡು ಯೋಳ್ಕೊಡ್ತೀನಿ, ಆಗ್ ತೀರುಸ್ತೀನಿ."

ಆಮೇಲೆ ನನ್ನ ಕಡೆ ತಿರುಗಿ ರೇಗಿದರು. "ನೀನ್ಯಾಕ್ ಇನ್ನೂ ಅಳ್ತಾ ನಿಂತಿದ್ದೀಯೆ? ನಿನ್ ಗಂಡುಂಗ್ ಯೋಳು, ಟ್ರಾಕ್ಟರು ತಿರುಗುಸ್ಲಿ. ಮನೇಲಿ ಅಸಾ ಕರ್ಯೋರ್ ಯಾರು, ನಿಮ್ಮವ್ವ ಬತ್ತಾಳಾ?"